ಉಳಿಸಿಟ್ಟ ಕಾಡತೂಸು

ಹೆಬ್ಬಳ್ಳಿ, ೨೦೦೩

ಅಪ್ಪಾ,

ಇಂದು ಮಹಾನವಮಿಯ ಖಂಡೇಪೂಜೆ ಮುಗಿಸಿ ನಿನ್ನ ಹಳೆಯ ರೈಫಲ್ ಹಿಡಿದು ಹೊಲಕ್ಕೆ ಹೋದೆ. ಮಂಜಿನಲ್ಲಿ ಜೋಳದ ತೆನೆಗಳಷ್ಟೇ ತೇಲುತ್ತಿದ್ದವು, ನಡುವೆ ನವಿಲುಗಳು.

“ಇದರ ಕಾಡತೂಸು ಬರೂದ ನಿಂತೈತ್ರಿ. ಬಂದೂಕಿನ ರೇಟ್ ಮಾತ್ರ ಏರಾಕತ್ತೈತಿ, ಮಾರಿಬಿಡ್ರಿ” ಎಂದಿದ್ದ ಹುಬ್ಬಳ್ಳಿಯ ಅಂಗಡಿಯವನು. ಮನಸ್ಸಾಗಲಿಲ್ಲ. ಕಾಡತೂಸು ಒಂದೇ ಉಳಿದಿತ್ತು.

ನಿನ್ನನ್ನು ಇದೇ ಹೊಲದಲ್ಲಿ ಮಣ್ಣು ಮಾಡಿದ ದಿನ, ಮನೆತನದ ರೂಢಿಯಂತೆ “ಒಂದ ಗುಂಡ ಹಾರಸೋ” ಎಂದು ಅವ್ವ ಎರಡು ಸಲ ಹೇಳಿದ್ದಳು. “ಇದೊಂದ ಉಳದೈತಿ, ಇರಲಿ” ಎಂದಿದ್ದೆ.

ಇಂದು ಅದನ್ನೇ ತುಂಬಿ, ಮುಗಿಲಿಗೆ ಹಿಡಿದು ಟ್ರಿಗರ್ ಒತ್ತಿದೆ. ಚಟ್ ಎಂದಿತು, ಅಷ್ಟೇ. ನವಿಲುಗಳು ತಲೆ ಕೂಡ ಎತ್ತಲಿಲ್ಲ.

ಮನೆಗೆ ಬಂದಾಗ ಅವ್ವ, “ಸಪ್ಪಳನ ಕೇಳಲಿಲ್ಲಲ್ಲೋ?” ಎಂದಳು.

“ಗಾಳಿ ಆ ಕಡಿ ಇತ್ತವ್ವಾ,” ಎಂದೆ. “ಅಪ್ಪಗ ಕೇಳಿಸಿರತೈತಿ.”