ಅಪ್ಪನ ಬೇರೆ ತಟ್ಟೆ

ಮಾದಾಪುರ
೧೯ ಮಾರ್ಚ್ ೨೦೨೪

ಪ್ರೀತಿಯ ಕೂಸು ಅಶ್ವಿತಾಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದಿ? ಏಳನೇ ತಿಂಗಳಲ್ಲಿ ಕಾಲು ಊದುವುದುಂಟಂತೆ. ಹಾಗೇನಾದರೂ ಆದರೆ ಡಾಕ್ಟರಿಗೆ ಹೇಳು, ನನ್ನಂತೆ ಮುಚ್ಚಿಡಬೇಡ. ಅಳಿಯಂದಿರೂ ಬೀಗರೂ ಕ್ಷೇಮವೆಂದು ನಂಬಿದ್ದೇನೆ. ಸಂಕ್ರಾಂತಿಯ ದಿನ ನಿನ್ನ ಅಮ್ಮ ಹೆರಿಗೆಗೆ ಇಲ್ಲಿಗೆ ಬರಬೇಡವೆಂದ ಮೇಲೆ ನೀನು ನಮ್ಮ ಫೋನ್ ಎತ್ತುತ್ತಿಲ್ಲ. ಚೊಚ್ಚಲ ಹೆರಿಗೆಗೆ ತವರಿನವರೇ ಬೇಡವೆಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಒಮ್ಮೆ ಓದು.

ಇಲ್ಲಿ ಹೂಮಳೆ ಚೆನ್ನಾಗಿ ಬಿದ್ದು ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾಗಿದೆ. ನಾನು ಮಂಗಳವಾರ, ಶುಕ್ರವಾರ ಎಂದಿನಂತೆ ಡಯಾಲಿಸಿಸ್‌ಗೆ ಹೋಗಿಬರುತ್ತೇನೆ. ನಿನಗೆ ಹೇಳದೆ ಉಳಿಸಿಕೊಂಡ ವಿಷಯವೊಂದಿದೆ. ಕಳೆದ ಆಗಸ್ಟಿನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ನನಗೆ ಹೆಪಟೈಟಿಸ್ ಸಿ ಇದೆಯೆಂದು ಬಂತು. ಲಿವರಿಗೆ ಹತ್ತುವ ಸೋಂಕು, ರಕ್ತದಿಂದ ರಕ್ತಕ್ಕೆ ದಾಟುವಂಥದ್ದು. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಆಗಾಗ ಕಾಣಿಸುತ್ತದಂತೆ. ನಾಲ್ಕು ವರ್ಷ ಕಿಟಕಿ ಪಕ್ಕದ ಮಂಚ ನನ್ನದೇ ಎಂದು ಮೆರೆಯುತ್ತಿದ್ದವನನ್ನು ಎಬ್ಬಿಸಿ ಮೂಲೆಯ ಕೋಣೆಯ ಬೇರೆ ಮೆಷಿನ್‌ಗೆ ಕಳಿಸಿದರು. ಇದೇ ಸೋಂಕಿನಿಂದ ಮೊದಲೇ ಅಲ್ಲಿ ಮಲಗಿದ್ದ ಪೊನ್ನಪ್ಪ ಎಂಬವರು, "ಬನ್ನಿ ರೈಟ್ರೇ, ಇಲ್ಲಿ ಫ್ಯಾನಾದ್ರೂ ಸರಿಯಾಗಿ ತಿರುಗ್ತದೆ" ಎಂದು ಬರಮಾಡಿಕೊಂಡರು. ಎಸ್ಟೇಟಿನ ರೈಟರ್ ಕೆಲಸ ಬಿಟ್ಟು ಆರು ವರ್ಷವಾದರೂ ಹೆಸರು ಮಾತ್ರ ನನ್ನನ್ನು ಬಿಟ್ಟಿಲ್ಲ. ಮೂರು ತಿಂಗಳು ದಿನಕ್ಕೊಂದು ಮಾತ್ರೆ ನುಂಗಿದೆ. ಅದು ಮುಗಿದು ಇನ್ನೂ ಮೂರು ತಿಂಗಳು ಕಾದ ಮೇಲೆ ಮತ್ತೆ ಪರೀಕ್ಷೆ. ಹೋದ ವಾರ ವರದಿ ಬಂತು. ವೈರಸ್ ಇಲ್ಲ. ಓದಿ ಬಹಳ ಸಂತೋಷವಾಯಿತು ಮಗಳೇ.

ಇನ್ನು ನಿನ್ನ ಅಪ್ಪನ ಜಾಣತನ ಕೇಳು. ಕಾಯಿಲೆ ಗೊತ್ತಾದ ದಿನವೇ ನನ್ನ ತಟ್ಟೆ, ಲೋಟ, ಟವೆಲ್ ಎಲ್ಲ ಬೇರೆ ಮಾಡಿದೆ. ಊಟಕ್ಕೆ ಹಿಂದಿನ ಜಗಲಿಯಲ್ಲಿ ಒಬ್ಬನೇ ಕೂತೆ. "ನಿಮ್ಗೆ ಎಂಥ ಮರ್ಲಾ?" ಎಂದು ನಿನ್ನ ಅಮ್ಮ ತನ್ನ ತಟ್ಟೆಯನ್ನೂ ಅಲ್ಲಿಗೇ ತಂದರೆ ಗದರಿ ಒಳಗೆ ಕಳಿಸಿದೆ. ವರದಿ ಬಂದ ದಿನ ಈ ಸಾಧನೆಯನ್ನೆಲ್ಲ ನರ್ಸ್ ಪವಿತ್ರಾಳ ಮುಂದೆ ಕೊಚ್ಚಿಕೊಂಡೆ. ಒಟ್ಟಿಗೆ ಉಂಡರೆ ಇದು ಬರುವುದಿಲ್ಲವೆಂದು ಅವಳು ಮೊದಲ ದಿನವೇ ಹೇಳಿದ್ದಳಂತೆ, ಗಾಬರಿಯಲ್ಲಿ ನನ್ನ ತಲೆಗೆ ಹೋಗಿರಲಿಲ್ಲ. "ಅದಿರ್ಲಿ ದೇರಪ್ಪಣ್ಣ, ಮನೇಲಿ ನೈಲ್ ಕಟರ್ ಎಷ್ಟುಂಟು?" ಎಂದಳು. ಬೀಗದ ಕೈ ಗೊಂಚಲಿನಲ್ಲಿ ನೇತಾಡುವ ಅದೊಂದೇ, ಇಬ್ಬರಿಗೂ. ಬೇರೆ ಮಾಡಬೇಕಾದದ್ದು ಅದನ್ನೇ, ರಕ್ತ ತಾಗುವುದು ಅದಕ್ಕಂತೆ. ಮರುದಿನವೇ ನಿನ್ನ ಅಮ್ಮನ ರಕ್ತವನ್ನೂ ಪರೀಕ್ಷೆಗೆ ಕೊಡಿಸಿದೆ. ವರದಿ ಬರುವ ತನಕ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಅವಳಿಗೆ ಏನೂ ಇಲ್ಲ. ಈಗ ನೈಲ್ ಕಟರ್ ಎರಡು, ಊಟ ಒಟ್ಟಿಗೆ. ನಿನ್ನೆ ನನ್ನ ತಟ್ಟೆಯಿಂದ ಉಪ್ಪಿನಕಾಯಿ ಕದ್ದಳು, ಜಗಳವೂ ಆಯಿತು.

ಅವಳು ಮಧ್ಯಾಹ್ನವೆಲ್ಲ ಹಳೆಯ ಹತ್ತಿ ಸೀರೆ ಹರಿದು ಮಡಚಿಡುತ್ತಾಳೆ. ಯಾವ ಮಗುವಿಗೆ ಎಂದು ಕೇಳಿದರೆ ಇನ್ನೊಂದು ಸೀರೆ ಎಳೆದುಕೊಳ್ಳುತ್ತಾಳೆ.

ಅತ್ತೆ ಮಾವನವರಿಗೆ ನಮಸ್ಕಾರ ತಿಳಿಸು. ನಿನಗೂ ಹೊಟ್ಟೆಯಲ್ಲಿರುವ ಪುಟ್ಟ ಜೀವಕ್ಕೂ ಒಳ್ಳೆಯದಾಗಲಿ.

ನಿನ್ನ ಅಪ್ಪ,
ದೇರಪ್ಪ

ತಾ.ಕ.: ಬಸ್ಸು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. "ನನ್ನ ಕೈಯಲ್ಲಿ ಬಾಣಂತನ ಆಗುವುದಿಲ್ಲ, ಅತ್ತೆ ಮನೆಯಲ್ಲೇ ಇರು" ಎಂದದ್ದು ನಿನ್ನ ಅಮ್ಮನ ಮಾತಲ್ಲ. ಮಗುವಿಗೆ ನನ್ನಿಂದ ಸೋಂಕು ತಗಲೀತೆಂದು ಹೆದರಿ, ನಿನಗೆ ಕಾಯಿಲೆಯೂ ಗೊತ್ತಾಗಬಾರದೆಂದು ನಾನೇ ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಅದನ್ನು ನೋಡಿಕೊಂಡು ಫೋನಿನಲ್ಲಿ ಓದಿದಳು. ಎರಡು ತಿಂಗಳಿನಿಂದ ನಿನ್ನ ಸಿಟ್ಟನ್ನೆಲ್ಲ ತಾನೇ ಹೊತ್ತಿದ್ದಾಳೆ, ನನ್ನ ಹೆಸರು ಹೇಳಿಲ್ಲ. ನನ್ನನ್ನು ಆಮೇಲೆ ಎಷ್ಟು ಬೇಕಾದರೂ ಬೈ. ಮೊದಲು ಅಮ್ಮನಿಗೆ ಫೋನ್ ಮಾಡಿ, ಯಾವತ್ತು ಬರಲಿ ಎಂದು ಕೇಳು.