ವಾಪಸು ಓಟ

ಹೊಳೆನರಸೀಪುರ
೧೮ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ವಸಂತಣ್ಣಾ,

ಮಂಡಿನೋವು ಹೇಗಿದೆ? ಸಕ್ಕರೆ ಹತೋಟಿಯಲ್ಲಿದೆಯೇ? ಅರವತ್ತೆಂಟು ದಾಟಿದರೂ ಇನ್ನೂ ಕಾರಿನಡಿ ನುಸುಳುತ್ತೀಯೆಂದು ಅತ್ತಿಗೆ ಕೊಯಮತ್ತೂರಿನಿಂದ ಫೋನಿನಲ್ಲಿ ದೂರಿದರು. ಹೊರಗೆ ಬಾ, ಕೈ ಒರೆಸಿಕೋ, ಕೂತು ಓದು. ಬಿತ್ತಣ್ಣಾ, ಬಿತ್ತು! ನಲವತ್ತೊಂದು ವರ್ಷ ನಿನ್ನ ಎದೆಯ ಮೇಲೆ ನಿಂತಿದ್ದ ನಟರಾಜುವಿನ ದಾಖಲೆಯ ಬೋರ್ಡು ಮೊನ್ನೆ ಭಾನುವಾರ ಮಟಮಟ ಮಧ್ಯಾಹ್ನ, ಸಾವಿರ ಕಣ್ಣುಗಳೆದುರು ನೆಲಕ್ಕೆ ಬಿತ್ತು!

ನಿನಗೆ ಗೊತ್ತಿರುವುದೇ, ಆದರೂ ಹೇಳಿಕೊಂಡರೆ ನನ್ನ ಬಾಯಿಗೆ ರುಚಿ. ಅರ್ಚಕರ ಮಗನಾಗಿ ಗ್ರೀಸು ಮೆತ್ತಿಕೊಂಡವನು ನೀನು. ಅರಕಲಗೂಡಿನ ಶೆಡ್ಡಿನಲ್ಲಿ ಸ್ಪ್ಯಾನರ್ ತಿರುಗಿಸುತ್ತ ವೇಗದ ದಾಖಲೆಗಳನ್ನು ಹರಿಕಥೆಯಂತೆ ಹೇಳುತ್ತಿದ್ದೆ. ೧೮೯೮ರಲ್ಲಿ ಫ್ರಾನ್ಸಿನಲ್ಲಿ ಬ್ಯಾಟರಿ ಕಾರು ಗಂಟೆಗೆ ಅರವತ್ತಮೂರು ಕಿಲೋಮೀಟರು ಓಡಿದ್ದು, ಮರುವರ್ಷವೇ ನೂರು ದಾಟಿದ್ದು, ೧೯೨೭ರಲ್ಲಿ ಅಮೆರಿಕದ ಕಡಲ ಮರಳಿನ ಮೇಲೆ ಇನ್ನೂರು ಮೈಲಿ ಮುಟ್ಟಿದ್ದು. ಕೊನೆಗೆ ಬೆರಳೆತ್ತಿ ಹೇಳುತ್ತಿದ್ದೆ, "ಹೋಗೋದು ದೊಡ್ಡದಲ್ಲ ಕಣೋ ಯೋಗಿ. ಒಂದು ಗಂಟೆಯೊಳಗೆ ಅದೇ ದಾರೀಲಿ ವಾಪಸು ಓಡಬೇಕು. ಎರಡರ ಸರಾಸರಿಯೇ ದಾಖಲೆ." ಇಳಿಜಾರೂ ಗಾಳಿಯೂ ಯಾರ ಪಕ್ಷವನ್ನೂ ವಹಿಸದಿರಲಿ ಎಂದು ಮಾಡಿದ ಧರ್ಮ ಅದು.

೧೯೮೪ರಲ್ಲಿ ಕೊಣನೂರು ರಸ್ತೆಯ ಆ ಒಂದು ಮೈಲಿ ಇಳಿಜಾರಿನಲ್ಲಿ, ನಟರಾಜುವಿನ ಅಪ್ಪ ಕೊಂಡಿದ್ದ ಕೆಂಪು ರೇಸ್ ಕಾರಿನಲ್ಲಿ, ನೀನು ಇಳಿದೆ, ಏರಿದೆ. ಸರಾಸರಿ ನಲವತ್ತಾರು ಸೆಕೆಂಡು. ನಟರಾಜು ನಲವತ್ತಮೂರರಲ್ಲಿ ಇಳಿದ. ಅವನು ಏರಿ ಬಂದಾಗ ಎಲ್ಲರೂ ಓಟದ ಗಡಿಯಾರ ಹಿಡಿದಿದ್ದ ನನ್ನತ್ತ ತಿರುಗಿದರು. ಗಡಿಯಾರ ನಿಂತುಹೋಯಿತು ಎಂದೆ. "ಅದೂ ನಲ್ವತ್ಮೂರೇ" ಎಂದು ಅವನೇ ಘೋಷಿಸಿದ, ಬೋರ್ಡು ಹಾಕಿಸಿದ, ಇಲ್ಲವೆಂದ ನಿನ್ನನ್ನು ಸುಳ್ಳುಗಾರ ಎಂದ. ಆ ಬೋರ್ಡು ಇಳಿಯುವವರೆಗೂ ಈ ಜಿಲ್ಲೆಯ ಮಣ್ಣು ತುಳಿಯೆನೆಂದು ಹೋದವನು ಅಪ್ಪನ ವೈಕುಂಠಕ್ಕೂ ಬರಲಿಲ್ಲ ನೀನು.

ಮೊನ್ನೆ ಹಳೇ ಕಾರುಗಳ ಮೆರವಣಿಗೆ ಚನ್ನರಾಯಪಟ್ಟಣದಿಂದ ಹೊರಟು, ಹಾಸನ ದಾಟಿ, ನಮ್ಮೂರಿನ ಮೇಲೆ ಕೊಣನೂರಿಗೆ ಬಂತು. ಕಂಚಿನ ಕಂಠವೆಂದು ಮೈಕನ್ನು ನನಗೇ ಕೊಟ್ಟರು. ಹುಲಿಯ ಬಾಯಿಗೆ ಕೈ ಕೊಟ್ಟರು! ನಟರಾಜು ಅದೇ ಕಾರಿನಲ್ಲಿ, ಅದೇ ಇಳಿಜಾರಿನಲ್ಲಿ, ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ಧುಮುಕಿದ. ಶಿಳ್ಳೆ, ಹಾರ, ಪೇಟ. ನಾನು ಎದೆಯುಬ್ಬಿಸಿ ಗರ್ಜಿಸಿದೆ: "ವನ್ಸ್ ಮೋರ್! ಈಗ ಕೆಳಗಿನಿಂದ ಮೇಲಕ್ಕೆ!" ನಮ್ಮ ನಾಟಕರಂಗದ ಕಟ್ಟಳೆ ಗೊತ್ತಲ್ಲ, ವನ್ಸ್ ಮೋರ್ ಬಿದ್ದರೆ ಸತ್ತ ರಾಜನೂ ಎದ್ದು ಹಾಡಿ ಮತ್ತೆ ಸಾಯಬೇಕು. ಊರಿಗೆ ಊರೇ "ವನ್ಸ್ ಮೋರ್" ಎಂದಿತು. ಪೇಟ ತೊಟ್ಟ ತಲೆ ಇಲ್ಲವೆನ್ನುವುದು ಹೇಗೆ? ತಿರುಗಿಸಿದ.

ಅರ್ಧ ಏರಿನಲ್ಲಿ ಕಾರು ಬುಸ್ಸೆಂದು ಆವಿ ಕಕ್ಕಿ ನಿಂತಿತು. ಹುಲ್ಲುಹೊರೆ ಹೊತ್ತು ಹೋಗುತ್ತಿದ್ದ ಲಕ್ಕಮ್ಮ, "ಏನ್ ಸಾ, ರೆಕಾರ್ಡು ಕುಂತ್ಕಬುಡ್ತಾ? ನಮ್ಮೆತ್ತು ಕಟ್ಟಾನಾ?" ಎಂದಳು. ನಗೆಯ ಅಲೆ ಎದ್ದಿತು. ತಂತಿಯಿಲ್ಲದ ಮೈಕು ಹಿಡಿದು ಅವನ ಮುಖದ ಬಳಿಗೇ ನಡೆದೆ. ಕೆಂಡವಾಗಿದ್ದ. "ನಾಟ್ಕ ಆಡ್ಬ್ಯಾಡ ಕಣ್ಲಾ ಯೋಗಿ! ಈ ಏರು ಅವತ್ತೂ ಇಂಗೇ ಕೈಕೊಡ್ತು!" ಎಂದು ಅರಚಿದ. ಆ ಮಾತು ಎಂಟು ಸ್ಪೀಕರುಗಳಲ್ಲಿ ಮೊಳಗಿತು. ಕಾರು ಸಂಘದ ಕಾರ್ಯದರ್ಶಿ ರೂಪಶ್ರೀ ಎಂಬ ಹುಡುಗಿ ೧೯೮೪ರ ಹಳೇ ದಾಖಲೆ ಪುಸ್ತಕ ತೆರೆದಳು. ನಿನ್ನ ಎರಡೂ ಓಟ ಅಲ್ಲಿವೆ, ಅವನ ವಾಪಸು ಓಟದ ಜಾಗ ಖಾಲಿ. ಅಲ್ಲೇ ಬೋರ್ಡು ಕೀಳಿಸಿದಳು. ಅವನು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ತಲೆ ತಗ್ಗಿಸಿ, ಕಾರನ್ನು ಎಳೆದೊಯ್ಯುತ್ತಿದ್ದ ಟ್ರ್ಯಾಕ್ಟರಿನ ಹಿಂದೆ ನಡೆದ. ಆಹಾ! ಅರವತ್ತಮೂರು ವರ್ಷದ ಈ ಕಣ್ಣು ಇಷ್ಟು ಒಳ್ಳೆಯ ಅಂಕ ಕಂಡಿರಲಿಲ್ಲ.

ನಿನ್ನ ಶಪಥ ತೀರಿತು. ಇನ್ನು ಬಾ. ಅತ್ತಿಗೆಗೆ ನಮಸ್ಕಾರ, ಮೊಮ್ಮಕ್ಕಳಿಗೆ ಈ ಗಂಟಲು ಕಿತ್ತುಹೋಗುವಷ್ಟು ಆಶೀರ್ವಾದ.

ನಿನ್ನ ತಮ್ಮ,
ಯೋಗಾನರಸಿಂಹ

ತಾ.ಕ.: ಅಂಚೆಗೆ ಹೊತ್ತಾಯಿತು, ಬರೆದೇಬಿಡುತ್ತೇನೆ. ಅವತ್ತು ಗಡಿಯಾರ ನಿಂತಿರಲಿಲ್ಲಣ್ಣಾ. ಅವನ ಏರಿಗೆ ಐವತ್ತೆಂಟು ಸೆಕೆಂಡು ತೋರಿಸುತ್ತಿತ್ತು. ಆ ವರ್ಷದ ನಾಟಕದಲ್ಲಿ ರಾಜಪಾರ್ಟು ಕೊಡಿಸುತ್ತೇನೆಂದು ನಟರಾಜು ಹಿಂದಿನ ದಿನ ಹೇಳಿದ್ದ. ಕೊಡಿಸಿದ. ಕಿರೀಟ ಹೊತ್ತು ಕುಣಿದೆ. ಅವನಿಗೆ ಆಗಬೇಕಾದದ್ದು ಆಯಿತು. ನನಗೆ ಆಗಬೇಕಾದದ್ದನ್ನು ನೀನೇ ಬಂದು ಮಾಡು. ಗಡಿಯಾರವನ್ನು ಇದರ ಜೊತೆಗಿಟ್ಟಿದ್ದೇನೆ. ಕೀ ಕೊಟ್ಟು ನೋಡು, ಈಗಲೂ ನಡೆಯುತ್ತದೆ.