ಐದನೇ ಕಪ್ಪಿನಲ್ಲಿ ಮೂರು ತೂತು

ಹಾಬ್ರೊವ್,
೧೭ ಅಕ್ಟೋಬರ್ ೨೦೧೯, ಗುರುವಾರ

ತಂಗಿ ಬ್ಲಾಂಕಾ,

ಪ್ರತಿ ಸಲ ಮೊದಲು ನಿನ್ನ ಮಂಡಿನೋವು ವಿಚಾರಿಸಿ ಆಮೇಲೆ ನನ್ನ ಸುದ್ದಿಗೆ ಬರುತ್ತಿದ್ದೆ. ಈ ಸಲ ನಿನ್ನ ಮಂಡಿ ಹಾಳಾಗಿಹೋಗಲಿ. ನನ್ನಲ್ಲಿ ಅಕ್ಕರೆ ಎಂಬುದು ಏನಾದರೂ ಉಳಿದಿದ್ದರೆ ಅದನ್ನು ಕೊನೆಯ ಪುಟದಲ್ಲಿ ಹುಡುಕಿಕೋ. ಈಗ ನನಗೆ ಬೈಯುವುದಿದೆ.

ನಡೆದದ್ದೆಲ್ಲ ನಿನಗೆ ಗೊತ್ತು. ಆದರೂ ಮೊದಲಿನಿಂದ ಬರೆಯುತ್ತೇನೆ. ನನಗೇನೂ ಗೊತ್ತಿಲ್ಲವೆಂಬ ಧೈರ್ಯದಲ್ಲಿ ನೀನು ಆರು ವಾರ ಫೋನಿನಲ್ಲಿ ನಕ್ಕು ಮಾತಾಡಿದ್ದೀಯಲ್ಲ, ಈಗ ನೀನೂ ಸ್ವಲ್ಪ ಕೂತು ಕೇಳು.

ನಿನ್ನೆ ಬಂದೂಕು ಸಂಘದ ಗುರಿಮನೆಗೆ ಹೋಗಿದ್ದೆ. ಗೋಡೆಯ ಮೇಲಿನ ಚೌಕಟ್ಟಿನ ಗಾಜು ಧೂಳು ಹಿಡಿದಿತ್ತು, ಒರೆಸೋಣವೆಂದು ಇಳಿಸಿಕೊಂಡೆ. ಸೆಪ್ಟೆಂಬರ್ ಏಳರ ಪಂದ್ಯದಲ್ಲಿ ನಾನು ಹೊಡೆದ ಕೊನೆಯ ಗುರಿಕಾಗದ ಅದು. ಅಂಕ ಎಣಿಸುವ ನಮ್ಮ ಓಲ್ದಾ ಅದಕ್ಕೆ ಕೆಂಪು ಪಟ್ಟಿ ಅಂಟಿಸಿ, ತನ್ನ ಅಂಚೆಯವನ ದುಂಡನೆಯ ಅಕ್ಷರದಲ್ಲಿ "ಹೆದ್ವಿಕಾ, ೭೩ ವರ್ಷ, ಒಂದೇ ತೂತಿನಲ್ಲಿ ಎರಡು ಗುಂಡು" ಎಂದು ಬರೆದು ತೂಗುಹಾಕಿದ್ದಾನೆ. ಕಾಗದದಲ್ಲಿ ಐದು ಕಪ್ಪು ದುಂಡು ಗುರಿ, ಒಂದೊಂದು ಕಪ್ಪಿಗೆ ಎರಡೆರಡು ಗುಂಡು. ನಾಲ್ಕು ಕಪ್ಪುಗಳಲ್ಲಿ ಎರಡೆರಡು ತೂತಿವೆ. ಐದನೆಯದರಲ್ಲಿ ಒಂದೇ ಒಂದು, ನಟ್ಟನಡುವೆ. ಎರಡನೆಯ ಗುಂಡು ಮೊದಲನೆಯದರ ಹಿಂದೆಯೇ, ಅದೇ ಬಾಗಿಲಿನಿಂದ ಒಳಗೆ ಹೋಯಿತೆಂದು ಓಲ್ದಾ ತೀರ್ಪು ಕೊಟ್ಟ. ಎಲ್ಲರೂ ನಂಬಿದರು. ಎಲ್ಲರಿಗಿಂತ ಮೊದಲು ನಂಬಿದವಳು ನಾನು.

ಕೆತ್ತನೆಗೆ ಬಳಸುವ ಭೂತಗನ್ನಡಿ ಕೋಟಿನ ಜೇಬಿನಲ್ಲಿತ್ತು. ನನ್ನ ಎಡಗಣ್ಣು ದೂರಕ್ಕೆ ದಂಡ, ಹತ್ತಿರಕ್ಕೆ ಈಗಲೂ ಸೂಜಿ. ಕಾಗದವನ್ನು ಹೊರತೆಗೆದು ಕಿಟಕಿಗೆ ಹಿಡಿದೆ. ಎರಡು ಗುಂಡು ಎಷ್ಟೇ ಒಂದೇ ದಾರಿಯಲ್ಲಿ ಹೋದರೂ ತೂತಿನ ತುಟಿ ಎಲ್ಲಾದರೂ ಒಂದು ಕಡೆ ಕೂದಲಿನಷ್ಟು ಹಿಗ್ಗಬೇಕು, ಗುಂಡಿಗೆ ಸವರಿದ ಮೇಣ ತೂತಿನ ಸುತ್ತ ಬಿಡುವ ಬಳೆ ಎರಡು ಸಲ ಬಿದ್ದಿರಬೇಕು. ಇಲ್ಲಿ ಒಂದೇ ಬಳೆ, ತೆಳ್ಳಗೆ, ಉಂಗುರ ಒತ್ತಿದ ಹಾಗೆ. ಆ ತೂತಿನಲ್ಲಿ ಹೋದದ್ದು ಒಂದೇ ಗುಂಡು, ಬ್ಲಾಂಕಾ.

ವರ್ಷ ಮುಗಿಯುವವರೆಗೆ ಎಲ್ಲರ ಕಾಗದಗಳನ್ನೂ ಓಲ್ದಾ ಹಸಿರು ಬೀರುವಿನಲ್ಲಿ ಕಟ್ಟಿಡುತ್ತಾನೆ. ಬಿಚ್ಚಿದೆ. ಆ ದಿನ ನಾನು ಮೂರನೇ ಜಾಗದಲ್ಲಿ ಬಂದೂಕು ಹಿಡಿದು ಮಲಗಿದ್ದೆ, ನೀನು ನನ್ನ ಬಲಕ್ಕೆ ನಾಲ್ಕನೆಯದರಲ್ಲಿ. ನಿನ್ನ ಕಾಗದದ ಐದನೇ ಕಪ್ಪಿನಲ್ಲಿ ಮೂರು ತೂತು. ಎರಡಕ್ಕೆ ಬೂದಿ ಬಣ್ಣದ ಬಳೆ, ಅವು ನಿನ್ನವು. ಮೂರನೆಯದಕ್ಕೆ ಕಂದು ಬಳೆ. ಕಂದು ಮೇಣದ ಗುಂಡನ್ನು ಈ ಊರಲ್ಲಿ ನಾನೊಬ್ಬಳೇ ಹಾಕುವುದು, ನನ್ನ ನಳಿಗೆಗೆ ಬೇರೆಯದು ಒಗ್ಗುವುದಿಲ್ಲ. ಅದೂ ನಟ್ಟನಡುವೆಯೇ. ಆ ದಿನ ನಾನು ಹೊಡೆದ ಅತ್ಯಂತ ಚೆಂದದ ಗುಂಡು ನಿನ್ನ ಕಾಗದಕ್ಕೆ ಬಿದ್ದಿದೆ.

ಅದು ಹೇಗಾಯಿತೆಂದು ನನಗೆ ಈಗ ನೆನಪಿದೆ. ಕೊನೆಯ ಗುಂಡಿಗೆ ಮೊದಲು ಎಡಗೈ ಜೋಮು ಹಿಡಿದಿತ್ತು. ಬಂದೂಕು ಇಳಿಸಿ, ಕೈ ಕೊಡವಿ, ಮತ್ತೆ ಮಲಗಿದೆ. ಮಲಗುವಾಗ ಸೊಂಟ ಒಂದು ಗೇಣು ಸರಿದಿರಬೇಕು. ಎದುರಿಗೆ ಬಿಳಿ ಕಾಣಿಸಿತು, ಬಿಳಿಯಲ್ಲಿ ಕಪ್ಪು ಕಾಣಿಸಿತು, ಹೊಡೆದೆ. ಕಾಗದದ ಮೇಲಿದ್ದ ಜಾಗದ ಅಂಕಿ ನೋಡಲಿಲ್ಲ. ಇದು ಮೊದಲ ವರ್ಷದವರು ಮಾಡುವ ತಪ್ಪು. ಪಕ್ಕದವರ ಕಾಗದಕ್ಕೆ ಹೊಡೆದವರನ್ನು ನಾನು ಎಷ್ಟು ವರ್ಷ ಗೇಲಿ ಮಾಡಿಲ್ಲ!

ಓಲ್ದಾ ಒಳಗೆ ಕಾಫಿ ಕಾಯಿಸುತ್ತಿದ್ದ. ಎರಡೂ ಕಾಗದ ಅವನ ಮುಂದೆ ಇಟ್ಟೆ. ನೋಡಲೇ ಇಲ್ಲ ಅವನು. "ಬಿಡೇ ಹೆದ್ವಿಕಾ, ಆಗಿದ್ದು ಆಗೋಯ್ತು, ಕಾಫಿ ಕುಡಿ" ಅಂದ.

"ನಿಂಗೆ ಗೊತ್ತಿತ್ತೇನೋ?"

"ನಂಗೇನ್ ಗೊತ್ತು? ನಿನ್ನ ತಂಗೀನೇ ಬಂದು, ಒಂದು ಗುಂಡು ಲೆಕ್ಕ ತಪ್ಪಿ ಜಾಸ್ತಿ ಹೊಡ್ದೆ, ನಂದೇ ತಪ್ಪು, ಬರ್ಕೋ ಅಂದ್ಳು. ಹೊಡೆದವಳೇ ಒಪ್ಕೊಂಡ ಮೇಲೆ ನಾನ್ಯಾರು ಇಲ್ಲ ಅನ್ನೋಕೆ?"

"ಮೇಣದ ಬಣ್ಣ ಕಾಣಿಸ್ಲಿಲ್ವಾ ನಿಂಗೆ? ನಲವತ್ತು ವರ್ಷ ಬೇರೆಯವರ ಕಾಗದಕ್ಕೆ ಮೂಗು ತಿಕ್ತಾ ಕೂತಿದ್ದೀಯಲ್ಲ!"

ಅವನು ಸಕ್ಕರೆ ಕಲಕುತ್ತಲೇ ಇದ್ದ. ಚಮಚ ಕೆಳಗಿಟ್ಟು ಅಂದ: "ಕಾಣಿಸ್ತು. ಅವಳ ಮುಖಾನೂ ಕಾಣಿಸ್ತು. ಸುಮ್ನಿರೋ ಅಂತ ಕಣ್ಣಲ್ಲೇ ಕೈ ಮುಗಿದ್ಳು. ನೀನು ಆಚೆ ಕೂತ್ಕೊಂಡು ಕನ್ನಡಕ ಒರೆಸ್ತಾ ಇದ್ದೆ. ನಾನೇನ್ ಕಟುಕನೇನೇ?"

ಕಾಫಿ ಕುಡಿಯದೆ ಬಂದೆ. ಆ ಮನುಷ್ಯನ ಮೇಲೆ ನನಗೆ ಅಷ್ಟು ಕೋಪವಿಲ್ಲ, ಅವನು ಮೊದಲಿಂದಲೂ ಮೇಣದಂಥವನೇ. ನನ್ನ ಕೋಪವೆಲ್ಲ ನಿನ್ನ ಮೇಲೆ.

ಹೆಚ್ಚಿನ ಗುಂಡಿಗೆ ನಿನಗೆ ದಂಡ ಬಿತ್ತು, ನಾಲ್ಕನೇ ಸ್ಥಾನಕ್ಕೆ ಇಳಿದೆ. ನಾನು ಆ ದಂಡ ತೆಗೆದು ಅಂಕ ಎಣಿಸಿ ನೋಡಿದೆ. ನನ್ನ ಹತ್ತನ್ನು ಸೊನ್ನೆ ಮಾಡಿಯೂ ನೋಡಿದೆ. ಆ ದಿನದ ಗೆಲುವಿನ ಬಟ್ಟಲು ನಿನ್ನದು! ನಿನ್ನ ಹದಿನಾಲ್ಕನೇ ವಯಸ್ಸಿನಲ್ಲಿ ನಾನೇ ನಿನ್ನನ್ನು ಆ ಚಾಪೆಯ ಮೇಲೆ ಮಲಗಿಸಿ ಉಸಿರು ಹಿಡಿಯುವುದನ್ನು ಕಲಿಸಿದೆ. ಅಂದಿನಿಂದ ಒಂದು ಸಲವೂ ನೀನು ನನ್ನನ್ನು ಸೋಲಿಸಿರಲಿಲ್ಲ. ಕೊನೆಗೊಂದು ದಿನ ಸೋಲಿಸಿದೆ, ಅದೂ ಸರಿಯಾದ ಗುರಿಯಲ್ಲಿ, ಸರಿಯಾದ ಉಸಿರಲ್ಲಿ. ಗೆದ್ದದ್ದನ್ನು ಮುದುಕಿಗೆ ಭಿಕ್ಷೆ ಹಾಕಿ ಕೈ ತೊಳೆದುಕೊಂಡೆ. ಸಂಜೆ ಬಿಯರ್ ಮೇಜಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ನೀನೇ. "ಅಕ್ಕ, ಮುಂದಿನ ವರ್ಷ ಮೂರು ಗುಂಡು ಒಂದೇ ತೂತಲ್ಲಿ ಹಾಕಿ ತೋರ್ಸು!" ಎಂದು ಕೂಗಿದೆಯಲ್ಲ, ನಾಲಿಗೆ ಸುಡಲಿಲ್ಲವೇ?

ನನ್ನನ್ನು ಸೋಲಲು ಬಿಡಬೇಕಿತ್ತು ನೀನು. ಸೋಲುವುದು ನನಗೆ ಬರುತ್ತದೆ. ಬ್ರ್ನೊದಲ್ಲಿ, ಓಸ್ತ್ರವಾದಲ್ಲಿ, ಸೈನ್ಯದ ಹುಡುಗಿಯರ ಎದುರು ಎಷ್ಟು ಸಲ ಸೋತು ಬಸ್ಸು ಹತ್ತಿಲ್ಲ! ಸೋತವಳು ಮನೆಗೆ ಬಂದು ತಪ್ಪು ಎಲ್ಲಿ ಎಂದು ಹುಡುಕುತ್ತಾಳೆ. ಗೆದ್ದವಳು ಏನು ಹುಡುಕುತ್ತಾಳೆ, ಹೇಳು? ನಾನು ಊರಿಗೆಲ್ಲ ಪ್ಲಮ್ ಕೇಕು ಹಂಚಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಊರ ಪತ್ರಿಕೆಯಲ್ಲಿ ಫೋಟೋ ಬಂತು. ಅದರ ಮರುವಾರವೇ ನನ್ನ ಬಂದೂಕಿನ ಪರವಾನಗಿಗೆ ಡಾಕ್ಟರ ಸಹಿ ಬೇಕಿತ್ತು. ಪೆಷೆಕ್ ಡಾಕ್ಟರು ಪತ್ರಿಕೆಯನ್ನು ಮೇಜಿನ ಮೇಲೇ ಇಟ್ಟುಕೊಂಡು ಕೂತಿದ್ದರು. ಅಕ್ಷರದ ಹಲಗೆಯ ಕಡೆ ನಾನು ತಿರುಗುವ ಮೊದಲೇ, "ಅದನ್ನೆಲ್ಲ ನಿಮಗೆ ತೋರಿಸೋಕೆ ನನಗೇ ನಾಚಿಕೆ ಆಗುತ್ತೆ, ಅಮ್ಮಾ. ಸೂಜೀಲಿ ದಾರ ಪೋಣಿಸಿದ ಹಾಗೆ ಗುಂಡು ಪೋಣಿಸ್ತೀರಿ!" ಎಂದು ನಗುತ್ತಾ ಮುದ್ರೆ ಒತ್ತಿದರು. ನಾನೂ ನಕ್ಕೆ. ಕಣ್ಣಿನ ಬಗ್ಗೆ ಒಂದು ಮಾತೂ ಆಡದೆ ಎದ್ದು ಬಂದೆ.

ಇಲ್ಲಿ ನನ್ನ ಕಥೆಯನ್ನೂ ಹೇಳಿಬಿಡಬೇಕು. ಇಲ್ಲದಿದ್ದರೆ ನೀನು, "ಅಕ್ಕ ತಾನೇನು ಸಾಚಾನಾ?" ಎಂದು ತಿರುಗಿ ಕೇಳುತ್ತೀಯ.

ನನ್ನ ಬಲಗಣ್ಣಿನ ನಡುವೆ ಮೂರು ವರ್ಷದಿಂದ ಒಂದು ಮಸುಕು ಇದೆ. ಹೆಬ್ಬೆರಳಿನಲ್ಲಿ ಮಸಿ ಒರೆಸಿದ ಹಾಗೆ. ನೇರ ನೋಡಿದರೆ ನೋಡಿದ್ದೇ ಮಾಯ, ಅದರ ಸುತ್ತ ಮಾತ್ರ ಲೋಕ ಇದ್ದಲ್ಲೇ ಇದೆ. ಯಾರಿಗೂ ಹೇಳಲಿಲ್ಲ. ಬಂದೂಕಿಗೆ ಹೇಳಿದೆ.

ಅದನ್ನು ಕೊಂಡಾಗ ಅದೊಂದು ಸಾದಾ ಬೀಚ್ ಮರದ ಬಡಪಾಯಿ ಬಂದೂಕು, ನಿನಗೆ ನೆನಪಿರಬೇಕು. ಅಂಗಡಿಯವರು ಎಲ್ಲ ಹೆಗಲಿಗೂ ಒಂದೇ ಅಳತೆ ಎಂದುಕೊಂಡಿದ್ದರು. ಇಟ್ಟಿಗೆ ಕಾರ್ಖಾನೆಯ ದಾರಿಯಲ್ಲಿ ಬಿದ್ದ ಅಕ್ರೋಟ್ ಮರವನ್ನು ಆರು ವರ್ಷ ನೆರಳಲ್ಲಿ ಒಣಗಿಸಿ ಹೊಸ ಹಿಡಿಮರ ಕೆತ್ತಿದೆ. ಯಾರೂ ಕಲಿಸಲಿಲ್ಲ. ಮೊದಲ ಎರಡು ಮರ ಒಲೆಗೆ ಹೋದವು. ಮೂರನೆಯದು ನನ್ನ ಭುಜದ ಗುಳಿಗೆ ಎಷ್ಟು ಸರಿಯಾಗಿ ಕೂತಿತೆಂದರೆ, ಬಂದೂಕು ಇಳಿಸಿದ ಮೇಲೆ ಭುಜವೇ ಏನೋ ಕಳೆದುಕೊಂಡ ಹಾಗೆ ಇರುತ್ತಿತ್ತು. ನಳಿಗೆ ಮರಕ್ಕೆ ಎಲ್ಲೂ ತಾಗಬಾರದೆಂದು ಒಂದು ನೋಟಿನ ದಪ್ಪ ಬಿಟ್ಟು ಉಜ್ಜಿದೆ. ಅಷ್ಟರವರೆಗಿನ ಕೆಲಸವೆಲ್ಲ ಪ್ರಾಮಾಣಿಕ.

ಆಮೇಲಿನದು ಕಳ್ಳತನ. ನಳಿಗೆಯ ತುದಿಯಲ್ಲಿ ಗುರಿ ನೋಡುವ ಉಂಗುರವನ್ನು ಒಂದು ಅಳತೆ ದೊಡ್ಡದು ಮಾಡಿದೆ, ಮುಂದಿನ ವರ್ಷ ಇನ್ನೊಂದು. ಹಳದಿ ಗಾಜು ಹಾಕಿದೆ. ನೀನು ಕೇಳಿದಾಗ, ಹೊಸ ಗುಂಡಿಗೆ ಅದು ಹೊಂದುತ್ತದೆ ಎಂದೆ. ಕಪ್ಪು ಕಣ್ಣೆದುರು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ, ಅದಕ್ಕೇ ಟ್ರಿಗರನ್ನು ಹಗುರ ಮಾಡಿ ಮಾಡಿ ನೊಣ ಕೂತರೂ ಸಾಕು ಅನ್ನುವಷ್ಟಕ್ಕೆ ತಂದೆ. ಕಳೆದ ಚಳಿಗಾಲ ಕೆನ್ನೆ ಇಡುವ ಹಲಗೆಯನ್ನು ಬಿಚ್ಚಿ ಓರೆಯಾಗಿ ಹೊಸದು ಕೆತ್ತಿದೆ. ತಲೆ ವಾಲಿಸಿದರೆ ಮಸುಕು ಪಕ್ಕಕ್ಕೆ ಹೋಗಿ ಅಂಚಿನಿಂದ ಗುರಿ ಕಾಣುತ್ತದೆ. ಎಂಥ ಉಪಾಯ ಎಂದು ನನಗೆ ನಾನೇ ಬೀಗಿದ್ದೆ. "ಇದ್ಯಾಕೆ ಹೀಗೆ ಸೊಟ್ಟಗಿದೆ?" ಎಂದು ನೀನು ಕೈಯಾಡಿಸಿ ಕೇಳಿದೆ. ಕುತ್ತಿಗೆ ನೋವು ಎಂದೆ. ನೀನು ಹಲಗೆಯನ್ನು ನೋಡಿದೆ, ನನ್ನನ್ನು ನೋಡಿದೆ, ಹುರುಳಿಕಾಯಿ ಬೆಲೆಯ ಮಾತು ತೆಗೆದೆ. ಆ ದಿನವೇ ನಿನಗೆ ಗೊತ್ತಾಗಿತ್ತು, ಅಲ್ಲವೇ?

ಗೊತ್ತಿದ್ದೂ ಕೇಳಲಿಲ್ಲ. ಅದಕ್ಕೇ ಉರಿಯುತ್ತಿದೆ ನನಗೆ. "ಅಕ್ಕ, ನಿಂಗೆ ಕಣ್ಣು ಕಾಣ್ತಿಲ್ಲ" ಎಂಬ ನಾಲ್ಕು ಮಾತು ನಿನ್ನ ಬಾಯಿಂದ ಬರಲಿಲ್ಲ. ನಾನು ಕಿರುಚಾಡುತ್ತಿದ್ದೆ, ನಿಜ. ಬಾಗಿಲು ಬಡಿದು ಹೋಗುತ್ತಿದ್ದೆ, ಕ್ರಿಸ್ಮಸ್ಸಿಗೂ ಬರುತ್ತಿರಲಿಲ್ಲವೇನೋ. ಆದರೂ ಹೇಳಬೇಕಿತ್ತು. ನಮ್ಮಿಬ್ಬರ ನಡುವೆ ಹೇಳದೆ ಬಿಟ್ಟದ್ದು ಮೊದಲು ಯಾವುದಿತ್ತು? ನಿನ್ನ ಗಂಡ ಯಾವನು, ಎಂಥವನು ಎಂದು ಮದುವೆಗೆ ಮುಂಚೆ ನಿನ್ನ ಮುಖಕ್ಕೆ ಹೇಳಿದವಳು ನಾನು. ಎರಡು ವರ್ಷ ನೀನು ನನ್ನೊಡನೆ ಮಾತು ಬಿಟ್ಟೆ. ಸತ್ತೆನೇ ನಾನು?

ಭಾನುವಾರ ಸಂಘದ ವಾರ್ಷಿಕ ಸಭೆ. ನೀನು ಬೆಳಗಿನ ಬಸ್ಸಿಗೇ ಬರಬೇಕು. ಬಂದು ಎಲ್ಲರೆದುರು ಎದ್ದು ನಿಂತು ಆ ಮೂರನೇ ತೂತು ಯಾರದೆಂದು ಹೇಳಬೇಕು. ಎರಡೂ ಕಾಗದ ನನ್ನ ಚೀಲದಲ್ಲಿವೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಆದರೆ ನೀನೇ ಹೇಳು. ನಾನು ಹೇಳಿದರೆ ಅದನ್ನೂ ಮುದುಕಿಯ ದೊಡ್ಡತನವೆಂದು ಚಪ್ಪಾಳೆ ತಟ್ಟಿಬಿಡುತ್ತಾರೆ, ಆ ಚಪ್ಪಾಳೆ ನನಗಿನ್ನು ಬೇಡ. ಬಟ್ಟಲನ್ನು ಬೂದಿ ಹಾಕಿ ಉಜ್ಜಿಟ್ಟಿದ್ದೇನೆ. ಓಲ್ದಾ ಕೈಯಿಂದಲೇ ನೀನು ತೆಗೆದುಕೊಳ್ಳಬೇಕು. ಬೇಡ ಗೀಡ ಎಂದು ನಾಟಕ ಆಡಿದರೆ ಅಲ್ಲೇ ಎಲ್ಲರೆದುರು ಕಿವಿ ಹಿಂಡುತ್ತೇನೆ. ಅರವತ್ತಾರಾಯಿತೆಂದು ಬಿಡುವವಳಲ್ಲ ನಾನು.

ಮಂಡಿಗೆ ಉಣ್ಣೆ ಪಟ್ಟಿ ಕಟ್ಟಿಕೊಂಡು ಬಾ, ಬಸ್ಸಿನಲ್ಲಿ ಗಾಳಿ ಹೊಡೆಯುತ್ತದೆ. ಮೆಟ್ಟಿಲು ಇಳಿಯುವಾಗ ಅವಸರ ಬೇಡ.

ಇನ್ನೂ ಕೋಪದಲ್ಲೇ ಇರುವ ನಿನ್ನ ಅಕ್ಕ,
ಹೆದ್ವಿಕಾ

ತಾ.ಕ.: ನಿನ್ನೆ ನಾನು ಗಾಜು ಒರೆಸಲು ಹೋದದ್ದಲ್ಲ. ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ.

ಮಂಗಳವಾರ ಮಧ್ಯಾಹ್ನ ಅಭ್ಯಾಸಕ್ಕೆ ಹೋಗಿದ್ದೆ. ಓಲ್ದಾ ಮತ್ತು ನಾನು, ಇಬ್ಬರೇ. ಅವನು ಯಾರೂ ಹೊಡೆಯಬಾರದೆಂಬ ಕೆಂಪು ದೀಪ ಹಾಕಿ ಕಾಗದ ಬದಲಿಸಲು ಆ ತುದಿಗೆ ನಡೆದಿದ್ದ. ನನಗೆ ದೀಪ ಕಾಣಿಸಲಿಲ್ಲ. ಕಿವಿಗೆ ಬಿರಡೆ ಹಾಕಿದ್ದೆ, ಕೇಳಿಸಲೂ ಇಲ್ಲ. ಗುಂಡು ಹಾಕಿ ಅಗುಳಿ ಮುಚ್ಚಿ ತಲೆ ವಾಲಿಸಿದೆ. ಉಂಗುರದೊಳಗೆ ದುಂಡನೆಯ ಕಪ್ಪು ಬಂದು ನಿಂತಿತು. ದಿನಕ್ಕಿಂತ ಕೊಂಚ ದೊಡ್ಡದೇ ಇತ್ತು. ಇವತ್ತು ಕಣ್ಣು ಎಷ್ಟು ಚೆನ್ನಾಗಿದೆ ಎಂದು ಸಂತೋಷವಾಯಿತು. ಉಸಿರು ಅರ್ಧ ಬಿಟ್ಟು ಬೆರಳು ಟ್ರಿಗರಿನ ಹತ್ತಿರ ತಂದೆ. ಆಗ ಆ ಕಪ್ಪು ಕೆಳಕ್ಕೆ ಬಾಗಿತು. ಅದು ಓಲ್ದಾನ ಉಣ್ಣೆ ಟೋಪಿ. ಬಿದ್ದ ಮೊಳೆ ಎತ್ತಿಕೊಳ್ಳಲು ಬಗ್ಗಿದ್ದ.

ವಾಪಸು ಬಂದವನು, "ಏನೇ, ಇವತ್ತು ಹೊಡೆಯೋ ಮನಸ್ಸಿಲ್ವಾ?" ಎಂದು ಕೇಳಿದ. ಗಾಳಿ ಜಾಸ್ತಿ ಎಂದೆ. ಅವನಿಗೆ ಗೊತ್ತಿಲ್ಲ. ಅವನಿಗೆ ನಾನೇ ಹೇಳಬೇಕು, ಅದನ್ನು ನಿನ್ನ ಮೇಲೆ ಹಾಕುವುದಿಲ್ಲ. ಆ ರಾತ್ರಿಯೆಲ್ಲ, ಟೋಪಿಗೂ ಗುರಿಗೂ ವ್ಯತ್ಯಾಸ ಕಾಣದವಳು ಒಂದೇ ತೂತಿನಲ್ಲಿ ಎರಡು ಗುಂಡು ಹೇಗೆ ಹಾಕಿದಳು ಎಂದು ಯೋಚಿಸಿದೆ. ಬೆಳಗಾಗುತ್ತಲೇ ಆ ಕಾಗದವನ್ನು ಕೇಳಲು ಹೋದೆ.

ಬಂದೂಕಿನ ಅಗುಳಿ ತೆಗೆದು ಬೇರೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ, ಅದಿಲ್ಲದೆ ಗುಂಡು ಹಾರುವುದಿಲ್ಲ. ಭಾನುವಾರ ಬಂದವಳೇ ಕೋಟು ಬಿಚ್ಚುವ ಮೊದಲು ಅದನ್ನು ನನ್ನಿಂದ ಇಸಕೋ. ವಸಂತದಲ್ಲಿ ನಾನು ವಾಪಸು ಕೇಳುತ್ತೇನೆ. ಒಳ್ಳೆಯ ಮಾತಲ್ಲಿ ಕೇಳುತ್ತೇನೆ, ಬೈಯುತ್ತೇನೆ, ಅತ್ತರೂ ಅತ್ತೇನು. ಈ ಒಂದು ಸಲ ನನ್ನ ಮೇಲೆ ಕರುಣೆ ತೋರಿಸಬೇಡ, ಬ್ಲಾಂಕಾ.